ಜೌಗಿನ ಅಂಚಿನ ಬಿಳಿ ಚೌಕ

ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನುಮಾನ ಬಂದ ದಿನವೇ, ಅವನು ನೋಡಲು ಚೆಂದ ಇದ್ದಾನೆ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದದ್ದರಿಂದ ಯಾವುದಕ್ಕೆ ಮೊದಲು ಸಿಟ್ಟಾಗಬೇಕೋ ಗೊತ್ತಾಗಲಿಲ್ಲ.

ಕೆಲಸದ ವಿಷಯ ಮೊದಲು ಹೇಳಿಬಿಡುತ್ತೇನೆ. ಊರಿನ ಹೊರಗೆ ಒಂದು ದೊಡ್ಡ ಜೌಗು ಇದೆ. ನೀರು, ಎತ್ತರದ ಹುಲ್ಲು, ಕೊಕ್ಕರೆಗಳು. ಅದನ್ನು ಯಾರೂ ಮುಚ್ಚಿ ಸೈಟು ಮಾಡದ ಹಾಗೆ ಕಾಯುವುದು ನಮ್ಮ ಆಫೀಸಿನ ಕೆಲಸ. ನಾನು ಕಾಯುವುದು ಕುರ್ಚಿಯಲ್ಲಿ ಕೂತು. ಕೆಲವು ದಿನಕ್ಕೊಮ್ಮೆ ಉಪಗ್ರಹ ಮೇಲೆ ಹಾದುಹೋಗುತ್ತದೆ, ಬೆಳಗ್ಗೆ, ಯಾವಾಗಲೂ ಒಂದೇ ಹೊತ್ತಿಗೆ. ಅದು ಕಳಿಸಿದ ಹೊಸ ಚಿತ್ರವನ್ನು ಹಳೆಯದರ ಪಕ್ಕ ಇಟ್ಟು, ಎಲ್ಲಿ ಬಣ್ಣ ಬದಲಾಗಿದೆಯೋ ಅಲ್ಲಿ ಗುರುತು ಹಾಕುತ್ತೇನೆ. ಆಮೇಲೆ ಫೀಲ್ಡಿನವನು ಅಲ್ಲಿಗೇ ಹೋಗಿ, ನೆಲದ ಮೇಲೆ ನಿಂತು ನೋಡಿ, ಹೌದೋ ಅಲ್ಲವೋ ಅಂತ ವರದಿ ಕೊಡುತ್ತಾನೆ. ನಮ್ಮ ಫೀಲ್ಡಿನವನಿಗೆ ಆಫೀಸಿನಲ್ಲಿ ಬೂಟು ಅಂತ ಹೆಸರು. ಮಂಡಿಯವರೆಗಿನ ರಬ್ಬರ್ ಬೂಟು ಹಾಕಿಕೊಂಡೇ ಒಳಗೆ ಬಂದು ಕಾರಿಡಾರ್ ತುಂಬ ಕೆಸರು ಮಾಡುತ್ತಿದ್ದ.

ಒಂದು ದಿನ ಜೌಗಿನ ಉತ್ತರದ ಅಂಚಿನಲ್ಲಿ ಬಿಳಿ ಚೌಕವೊಂದು ಕಾಣಿಸಿತು. ಹುಲ್ಲು ಇರಬೇಕಾದ ಕಡೆ ಸುಣ್ಣ ಬಳಿದ ಹಾಗೆ ಬಿಳಿ. ಬಿಳಿ ಅಂದರೆ ನಮ್ಮ ಲೆಕ್ಕದಲ್ಲಿ ಕಾಂಕ್ರೀಟು, ಇಲ್ಲಾ ಜಲ್ಲಿಪುಡಿ. ಆ ಅಂಚಿಗೆ ತಾಗಿಕೊಂಡೇ ಒಬ್ಬ ಬಿಲ್ಡರ್ ಬೇಲಿ ಹಾಕಿಕೊಂಡು ಕೂತಿದ್ದ. ನಾನು ಗುರುತು ಹಾಕಿ ಕಳಿಸಿದೆ. ಬೂಟು ಹೋಗಿ ಬಂದು, ಬದಲಾವಣೆ ಇಲ್ಲ, ಬರೀ ಹುಲ್ಲು ಅಂದ. ಮುಂದಿನ ಚಿತ್ರದಲ್ಲಿ ಚೌಕ ಮತ್ತೆ ಇತ್ತು, ಸ್ವಲ್ಪ ದೊಡ್ಡದಾಗಿ. ಅವನು ಮತ್ತೆ ಹುಲ್ಲು ಅಂದ. ಹೇಳುವಾಗ ಅವನ ರೆಪ್ಪೆಯ ಮೇಲೆ ಒಣಗಿದ ಕೆಸರಿನ ಚುಕ್ಕೆ ಇತ್ತು, ನಾನು ಅದನ್ನೇ ನೋಡುತ್ತ ಅರ್ಧ ಮಾತು ಕೇಳಿಸಿಕೊಳ್ಳಲಿಲ್ಲ.

ನಾನು ಹುಟ್ಟಾ ಅನುಮಾನದವಳು. ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡಿದ ಮೇಲೂ ಮೂಸಿಯೇ ಒಲೆಗಿಡುವುದು. ಅಕ್ಕ ನನ್ನನ್ನು ಇನ್‌ಸ್ಪೆಕ್ಟ್ರೇ ಅಂತ ಕರೆಯುತ್ತಾಳೆ. ಹಿಂದೆ ಬಿದ್ದ ಹುಡುಗರನ್ನೆಲ್ಲ ವಿಚಾರಣೆ ಮಾಡಿಯೇ ಓಡಿಸಿದೆ ಅಂತ ಅವಳ ದೂರು. ಓಡಿಹೋಗುವವರು ಓಡಲಿ ಬಿಡು, ಕಾಲು ಗಟ್ಟಿ ಇದೆ ಅಂತಾದರೂ ಗೊತ್ತಾಯಿತಲ್ಲ ಅಂತ ನಾನು.

ಹಾಗಾಗಿ ಬೂಟು ತಂದ ಫೋಟೋಗಳನ್ನು ತೆಗೆದು ಕೂತೆ. ಹುಲ್ಲಿನ ನೆರಳು ಯಾವ ಕಡೆ ಬಿದ್ದಿದೆ, ಎಷ್ಟು ಉದ್ದ ಇದೆ ಅಂತ ಸ್ಕ್ರೀನಿನ ಮೇಲೆ ಗೆರೆ ಎಳೆದು ಅಳೆದೆ. ಎಲ್ಲವೂ ಮಧ್ಯಾಹ್ನ ಇಳಿದ ಮೇಲೆ ತೆಗೆದವು. ಆಫೀಸಿಗೆ ಇರುವುದು ಒಂದೇ ಜೀಪು, ಅದು ಬೆಳಗ್ಗೆ ನಮ್ಮ ಆಫೀಸಿನ ಮುಖ್ಯಸ್ಥೆ ಮೇಡಂ ಜೊತೆ ಮೀಟಿಂಗಿಗೆ ಹೋಗುತ್ತದೆ, ಸರಿ. ಆದರೂ ಬೇಕಂತಲೇ ಬಿಳಿ ಚೌಕಕ್ಕೆ ಬೆನ್ನು ಮಾಡಿ ಫೋಟೋ ತೆಗೆದಿದ್ದಾನೆ ಅಂತ ಅನ್ನಿಸಿತು. ಸಾಲದ್ದಕ್ಕೆ ಅವನ ಕೈಯಲ್ಲಿ ಹೊಸ ಫೋನ್. ಬಿಲ್ಡರ್ ಕೊಡಿಸಿದ್ದು ಅಂತ ನನ್ನ ತಲೆ ತಾನೇ ತೀರ್ಮಾನ ಮಾಡಿಬಿಟ್ಟಿತು.

ನಾನು ಗೆರೆ ಎಳೆಯುತ್ತಿದ್ದಾಗಲೇ ಅವನು ಎರಡು ಕಪ್ ಟೀ ಹಿಡಿದು ಬಂದ. ಸ್ಕ್ರೀನ್ ನೋಡಿದ, ನನ್ನನ್ನು ನೋಡಿದ, ಮತ್ತೆ ಸ್ಕ್ರೀನ್ ನೋಡಿದ. ನಾನು ಕಿಟಕಿ ಮುಚ್ಚಿದೆ, ಕಂಪ್ಯೂಟರಿನದ್ದು. ಅವನು ಟೀ ಮೇಜಿನ ಮೇಲಿಟ್ಟ. ಕಪ್ಪನ್ನು ನನ್ನ ಕಡೆ ತಳ್ಳುವಾಗ ಬೆರಳು ತಾಗಿತು, ತೆಗೆಯಲು ಇಬ್ಬರೂ ಸ್ವಲ್ಪ ತಡ ಮಾಡಿದೆವು.

"ನೀವು ಗುರುತು ಹಾಕಿದ ಜಾಗಕ್ಕೆ ಹೋಗೋದು ಅಂದ್ರೆ ನನಗಿಷ್ಟ," ಅಂದ. "ನೀವು ನೋಡಿರೋ ಜಾಗ ಅಲ್ವಾ. ಅಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ನಿಂತಿರ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಕರಗಿಹೋಗುತ್ತಿದ್ದರು. ಕರಗಿದೆ ನಾನೂ. ಒಳಗೊಳಗೆ ಮಾತ್ರ, ಈ ಸವಿಮಾತು ಈಗಲೇ ಯಾಕೆ ಬಂತು, ಬೆಣ್ಣೆ ಹಚ್ಚುತ್ತಿರುವುದು ಯಾವುದನ್ನು ಮುಚ್ಚಿಕೊಳ್ಳಲು ಅಂತ ಕೊರೆಯುತ್ತಿತ್ತು. ಆ ಸಂಜೆ ಬಸ್ ಸ್ಟಾಪಿನವರೆಗೆ ಜೊತೆಗೆ ಬಂದ. ಬಸ್ ಕಾಣಿಸಿದಾಗ, ನಿಮ್ಮನ್ನು ಮದುವೆಯಾಗಬೇಕು ಅಂತಿದ್ದೇನೆ, ಅವಸರ ಇಲ್ಲ ಅಂತ ಹೇಳಿದ. ಯೋಚಿಸುತ್ತೇನೆ ಅಂತ ಹತ್ತಿಬಿಟ್ಟೆ. ಸೀಟಿನಲ್ಲಿ ಕೂತು ಅತ್ತೆ. ಬೇಕು ಅನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು, ಆ ಹಾಳು ಬಿಳಿ ಚೌಕ ಅಡ್ಡ ನಿಂತಿತ್ತು.

ಆ ವಾರವೇ ಮೇಡಂ ರೂಮಿಗೆ ಕರೆಸಿ ಬಾಗಿಲು ಹಾಕಿದರು. ಚಿತ್ರ ಒಂದು ಹೇಳುತ್ತೆ, ವರದಿ ಇನ್ನೊಂದು ಹೇಳುತ್ತೆ, ಮೇಲಿನವರು ನಾಳೆ ಸಂಜೆ ಕೇಳುತ್ತಾರೆ, ಯಾವುದು ನಿಜ ಅಂತ ನೀನೇ ಹೇಳಬೇಕು ಅಂದರು. ಚಿತ್ರ ನಿಜ ಅಂದರೆ ಬೂಟಿನ ಕೆಲಸ ಅಲ್ಲಿಗೆ ಮುಗಿಯಿತು, ಇನ್ನೆಲ್ಲೂ ಅವನನ್ನು ತೆಗೆದುಕೊಳ್ಳುವುದಿಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಮನೆಯಲ್ಲಿ ಅಕ್ಕನ ಮುಂದೆ ಎಲ್ಲ ಕಕ್ಕಿದೆ. ಅವಳು ಬಟ್ಟೆ ಮಡಿಸುತ್ತ ಕೇಳಿಸಿಕೊಂಡು, ಅವನನ್ನೇ ಕೇಳಬಾರದಾ ಅಂದಳು. ಕಳ್ಳನನ್ನು ಕೇಳಿದರೆ ಕದ್ದೆ ಅಂತಾನಾ ಅಂದೆ.

"ಕಳ್ಳ ಅಲ್ಲ ಅಂದ್ರೆ?" ಅಂದಳು ಅಕ್ಕ.

ಎದ್ದು ಹೋಗಿ ಗೋಡೆ ಕಡೆ ತಿರುಗಿ ಮಲಗಿದೆ. ಮರುದಿನ ಬೆಳಗ್ಗೆ ಉಪಗ್ರಹ ಬರುವುದಿತ್ತು. ಅದು ನೋಡುವ ಹೊತ್ತಿಗೆ ನಾನೂ ಅಲ್ಲಿದ್ದು, ಕಣ್ಣಾರೆ ಕಂಡು, ಆಮೇಲೆ ಅವನ ಮುಖಕ್ಕೆ ಹೇಳುತ್ತೇನೆ ಅಂತ ಗಟ್ಟಿ ಮಾಡಿಕೊಂಡೆ.

ಬಸ್ಸಿಳಿದು, ಬಿಲ್ಡರನ ಬೇಲಿ ಬಳಸಿಕೊಂಡು ನಡೆದೆ. ಹುಲ್ಲಿನ ಸಂದಿಯಲ್ಲಿ ದೂರದಿಂದಲೇ ಬಿಳಿ ಕಂಡಿತು. ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬಿಳಿ. ಗೆದ್ದೆ ಅಂತ ಒಂದು ಚೂರೂ ಅನ್ನಿಸಲಿಲ್ಲ, ಎಲ್ಲ ಮುಗಿದುಹೋಯಿತು ಅನ್ನಿಸಿತು.

ಇನ್ನೂ ಹತ್ತಿರ ಹೋದರೆ ಅವನೂ ಅಲ್ಲೇ ಇದ್ದ. ಬೆಳಗ್ಗೆ ಬರಲು ಜೀಪಿಲ್ಲ ಅನ್ನುವವನು ಯಾರದ್ದೋ ಬೈಕ್ ನಿಲ್ಲಿಸಿಕೊಂಡು, ನನಗೆ ಬೆನ್ನು ಮಾಡಿ, ವಯಸ್ಸಾದ ಒಬ್ಬ ಹೆಂಗಸಿನ ಜೊತೆ ನಗುತ್ತಿದ್ದ. ಅವಳು ಅವನ ಕೈಗೆ ಏನೋ ಕೊಟ್ಟಳು. ಇನ್ನು ಯಾವ ಸಾಕ್ಷಿ ಬೇಕು ಅಂತ ದಾಪುಗಾಲು ಹಾಕಿ ನುಗ್ಗಿದೆ.

"ಅಯ್ಯೋ, ತುಳೀಬೇಡಮ್ಮ, ಈಗ ತಾನೇ ಒಗೆದಿರೋದು," ಅಂದಳು ಹೆಂಗಸು.

ಕಾಲ ಕೆಳಗೆ ನೋಡಿದೆ. ಬೆಡ್‌ಶೀಟು. ಎದುರಿಗೂ ಬೆಡ್‌ಶೀಟು, ಪಕ್ಕದಲ್ಲೂ ಬೆಡ್‌ಶೀಟು. ಅಂಚಿನ ಗಿಡ್ಡ ಹುಲ್ಲಿನ ಮೇಲೆ ಸಾಲು ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಹಾಸಿದ್ದವು. ಅವಳ ಕಡೆಯಿಂದ ಅವನು ಇಸಕೊಂಡದ್ದು ಒದ್ದೆ ಬೆಡ್‌ಶೀಟಿನ ಒಂದು ತುದಿ.

ಹೆಂಗಸು ತಾನಾಗಿಯೇ ಹೇಳಿದಳು. ಅವಳದ್ದು ಲಾಂಡ್ರಿ, ರಸ್ತೆಯಾಚೆಯ ಆಸ್ಪತ್ರೆಯ ಬಟ್ಟೆಯೆಲ್ಲ ಅವಳಿಗೇ ಬರುತ್ತದೆ. ಒಣಗಿಸುವ ಮಿಷನ್ ಕೆಟ್ಟು ಕೂತಾಗಿನಿಂದ ದಿನಾ ಬೆಳಗ್ಗೆ ಇಲ್ಲಿ ಹಾಸುತ್ತಾಳೆ. ಮಧ್ಯಾಹ್ನ ಗಾಳಿ ಎದ್ದರೆ ಬೇಲಿಯ ಒಳಗಿನ ಧೂಳೆಲ್ಲ ಮೆತ್ತಿಕೊಳ್ಳುತ್ತದೆ, ಹಾಗಾಗಿ ಊಟಕ್ಕೆ ಮುಂಚೆ ಎತ್ತಿಬಿಡುತ್ತಾಳೆ. ಆಸ್ಪತ್ರೆಗೆ ವಾರ್ಡು ಜಾಸ್ತಿಯಾಯಿತು, ಬಟ್ಟೆಯೂ ಜಾಸ್ತಿಯಾಯಿತು.

ಇಷ್ಟೇ. ವರ್ಷಗಟ್ಟಲೆ ಚಿತ್ರ ನೋಡಿದ ನಮ್ಮಂಥವರಿಗೆ ನೆಲ ಅಂದರೆ ತಿಂಗಳಿಗೆ, ವರ್ಷಕ್ಕೆ ಬದಲಾಗುವ ವಸ್ತು. ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಇರಬಹುದು ಅಂತ ತಲೆಗೇ ಹೋಗುವುದಿಲ್ಲ. ಉಪಗ್ರಹ ನೋಡಿದ್ದು ಬೆಳಗನ್ನು, ಅವನು ನೋಡಿದ್ದು ಮಧ್ಯಾಹ್ನವನ್ನು.

"ನನ್ನನ್ನ ಹಿಡಿಯೋಕೆ ಬಂದ್ರಾ?" ಅಂದ.

ಏನೋ ಒಂದು ನೆಪ ಹೇಳಬಹುದಿತ್ತು. ಹೌದು ಅಂದೆ.

ಅವನ ಮುಖದ ನಗು ಹೋಯಿತು. ಕೈಯಲ್ಲಿದ್ದ ತುದಿಯನ್ನು ಹುಲ್ಲಿನ ಮೇಲೆ ಹರಡಿ, ಸುಕ್ಕು ಎಳೆದು ಸರಿಮಾಡಿ, ಆಮೇಲೆ ಮಾತಾಡಿದ.

"ನಿಮ್ಮ ಚಿತ್ರ ಸುಳ್ಳಲ್ಲ ಅಂತ ನನಗೆ ಗೊತ್ತಿತ್ತು. ನಾನೂ ಸುಳ್ಳು ಹೇಳಿಲ್ಲ. ಎರಡೂ ನಿಜ ಆದ್ರೆ ಏನಿರಬಹುದು ಅಂತ ತಲೆ ಕೆಡಿಸ್ಕೊಂಡು, ಅದು ನೋಡೋ ಹೊತ್ತಿಗೇ ಬಂದು ನಿಲ್ಲೋಣ ಅಂತ ಸ್ನೇಹಿತನ ಬೈಕ್ ತಂದೆ. ನೀವು ತಪ್ಪಿರಬಹುದು ಅಂತ ನನಗೆ ಒಂದು ಸಲನೂ ಅನ್ನಿಸ್ಲಿಲ್ಲ."

ಬೈದಿದ್ದರೂ ಅಷ್ಟು ತಾಗುತ್ತಿರಲಿಲ್ಲ. ಅವನು ನನ್ನ ಚಿತ್ರವನ್ನೂ ನಂಬಿದ್ದ, ತನ್ನ ಕಣ್ಣನ್ನೂ ನಂಬಿದ್ದ. ನಾನು ನಂಬಿದ್ದು ಚಿತ್ರ ಒಂದನ್ನೇ, ಅದೂ ನಾನು ಪ್ರೀತಿಸದೇ ಇದ್ದದ್ದನ್ನು. ಅಲ್ಲೇ ನಿಂತು ಮೇಡಂಗೆ ಫೋನ್ ಮಾಡಿ, ಚಿತ್ರವೂ ಸರಿ ವರದಿಯೂ ಸರಿ, ಅಲ್ಲಿ ಇರುವುದು ಆಸ್ಪತ್ರೆಯ ಬೆಡ್‌ಶೀಟು ಅಂತ ಹೇಳಿದೆ. ಅವರು ಇನ್ನು ಮೇಲೆ ಬೆಳಗ್ಗೆ ಜೀಪು ಅವನಿಗೇ ಕೊಡುತ್ತೇನೆ ಅಂತ ಹೇಳಿ ಫೋನ್ ಇಟ್ಟುಬಿಟ್ಟರು. ಅವನ ಕೆಲಸ ಉಳಿಯಿತು. ನನ್ನದು ಏನು ಉಳಿಯಿತೋ ಗೊತ್ತಿರಲಿಲ್ಲ.

"ಅನುಮಾನ ಬಂದಿದ್ದಕ್ಕೆ ಬೇಜಾರಿಲ್ಲ," ಅಂದ ಅವನು. "ನನ್ನ ಫೋಟೋದ ನೆರಳು ಅಳೆದ್ರಿ, ನಾನು ನೋಡಿದೆ. ನನ್ನನ್ನ ಮಾತ್ರ ಏನೂ ಕೇಳ್ಲಿಲ್ಲ."

ನಾಲಿಗೆ ಹರಿತ ಅಂತ ಹೆಸರು ಮಾಡಿದವಳಿಗೆ ಒಂದು ಮಾತು ಹುಡುಕಲು ಪ್ರಾಣ ಹೋಯಿತು.

"ಈಗ ಕೇಳ್ತೀನಿ," ಅಂದೆ. "ನೀವು ಅಂದ್ರೆ ನನಗೆ ಪ್ರಾಣ. ಆದ್ರೆ ನಾನು ಇರೋದೇ ಹೀಗೆ, ಬದಲಾಗ್ತೀನಿ ಅಂತ ಮಾತು ಕೊಡೋಕಾಗಲ್ಲ. ಇಷ್ಟೆಲ್ಲ ಆದ ಮೇಲೂ ನಾನು ಬೇಕಾ?"

ಅವನು ನೀರಿನ ಕಡೆ ನೋಡುತ್ತ ನಿಂತ. ಅವನ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಲು ನನ್ನ ಹತ್ತಿರ ಯಾವ ದಾರಿಯೂ ಇರಲಿಲ್ಲ, ಅವನೇ ಹೇಳಬೇಕು. ಕಾಯುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ.

"ಬೇಕು," ಅಂದ. "ಸಿಟ್ಟಂತೂ ಇದೆ. ಸಂಜೆವರೆಗೂ ಇರುತ್ತೆ."

ಹೆಂಗಸು ಬುಟ್ಟಿಯಿಂದ ಇನ್ನೊಂದು ಬೆಡ್‌ಶೀಟು ತೆಗೆದು ಅವನ ಕೈಗೆ ಹಾಕಿ, ಮಾತು ಮುಗಿದಿದ್ದರೆ ಇಬ್ಬರೂ ಸೇರಿ ಹಿಂಡಿಕೊಡಿ, ನನ್ನ ಸೊಂಟ ಬಿದ್ದುಹೋಗಿದೆ ಅಂದಳು. ನಿಜವಾಗಲೂ ಬೇಕಾ ಅಂತ ಕೇಳಲು ನಾನು ಬಾಯಿ ತೆರೆದಿದ್ದೆ. ಅವನ ಕಣ್ಣು ಕೆಂಪಾಗಿತ್ತು. ಬಾಯಿ ಮುಚ್ಚಿಕೊಂಡು ಇನ್ನೊಂದು ತುದಿ ಹಿಡಿದೆ.