ಕಾಣೆಯಾದ ಕಿವಿ ಮೆಷಿನ್ನು

ಡಬ್ಬಿ ಖಾಲಿಯಾಗಿತ್ತು.

ಪುಟ್ಟಯ್ಯನವರು ಟೆಂಟಿನ ಬಾಗಿಲಲ್ಲೇ ನಿಂತು ಅದನ್ನು ತಲೆಕೆಳಗು ಮಾಡಿ ಕೊಡವಿದರು. ಏನೂ ಬೀಳಲಿಲ್ಲ. ಮಂಕಿ ಕ್ಯಾಪು ಕಿತ್ತು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕಿವಿಗಳನ್ನು ತಡವಿ ನೋಡಿಕೊಂಡರು.

"ನನ್ನ ಮೆಷಿನ್ನೆಲ್ಲಿ?"

ಒಲೆಯ ಸುತ್ತ ಕೂತಿದ್ದವರೆಲ್ಲ ತಿರುಗಿದರು. ಸೊಸೆ ಶಾಂತಲಾ ಗಾಬರಿಯಿಂದ ಏಳಲು ಹೊರಟಳು. ಮಾವ ಹಲ್ಲುಜ್ಜಲು ನೀರಿನ ಕಡೆ ಹೋಗಿದ್ದಾಗ ಅವರ ಹಾಸಿಗೆಯನ್ನು ಹೊರಗೆ ತಂದು ಮರಳಿನ ಮೇಲೆ ಒದರಿದವಳು ಅವಳೇ!

"ಅಯ್ಯೋ, ನಾನೇ ಬೀಳಿಸ್ಬಿಟ್ನೇನೋ—"

"ತಾಳಿ ಅತ್ತಿಗೆ," ಎಂದಳು ಜನನಿ. "ಯಾರೂ ಕೂತಲ್ಲಿಂದ ಏಳ್ಬೇಡಿ."

ಜನನಿ ಶಾಂತಲಾಳ ನಾದಿನಿ. ಕೋತಗಿರಿಯಲ್ಲಿ ಸಬ್ ಇನ್ಸ್‌ಪೆಕ್ಟರ್. ಎರಡು ದಿನದ ರಜೆಯಲ್ಲಿ ಬಂದು, ಅಣ್ಣನ ಹಳೇ ಸ್ವೆಟರ್ ಹಾಕಿಕೊಂಡು ಹಾಯಾಗಿ ಕಾಲು ಚಾಚಿದ್ದವಳ ದನಿ ಒಮ್ಮೆಲೇ ಬದಲಾಗಿತ್ತು.

ಅದು ಸಾಮಾನ್ಯ ವಸ್ತುವಲ್ಲ. ಗೂಡಲೂರಿನಲ್ಲಿ ಮೂವತ್ತೈದು ವರ್ಷ ಹಿಟ್ಟಿನ ಮಿಲ್ಲು ನಡೆಸಿ ಪುಟ್ಟಯ್ಯನವರ ಕಿವಿ ಮಂದವಾಗಿತ್ತು. ಮೆಷಿನ್ನು ಗಿಷಿನ್ನು ಬ್ಯಾಡ ಎಂದು ಹಟ ಹಿಡಿದವರನ್ನು ಎರಡು ತಿಂಗಳ ಹಿಂದೆ ಶಾಂತಲಾಳೇ ಪುಸಲಾಯಿಸಿ ಕರೆದುಕೊಂಡು ಹೋಗಿದ್ದಳು. ಅದನ್ನು ಹಾಕಿಕೊಂಡ ದಿನ ಅವರು ಏಳು ವರ್ಷದ ಮೊಮ್ಮಗಳು ಜೀವಿತಾಳನ್ನು ಎದುರಿಗೆ ಕೂರಿಸಿಕೊಂಡು, "ನಿನ್ನ ದನಿ ಹಿಂಗದಾ ಮಗಾ?" ಎಂದು ಕಣ್ಣೊರೆಸಿಕೊಂಡಿದ್ದರು. ಈಗ ಅದೇ ಇಲ್ಲವೆಂದರೆ?

ಈ ಪ್ರವಾಸವೂ ಜೀವಿತಾಳಿಗಾಗಿಯೇ. ಅವಳಿಗೆ ಕಡಲ ದಂಡೆಯಲ್ಲಿ ಟೆಂಟು ಹಾಕಬೇಕಿತ್ತು. ತಾತನಿಗೆ ಘಾಟಿಯ ಕೆಳಗಿನ ಸೆಕೆ ಆಗದು. ಆಗ ನೆರವಿಗೆ ಬಂದವರು ನೀಲಗಿರಿಯ ಮೇಲೆ ಕುಂದಾ ಕಡೆಯ ತಾತನ ಹಳೇ ಸ್ನೇಹಿತ ಜೋಗಿ. ಅವರ ಕ್ಯಾರೆಟ್ ಹೊಲದ ಕೆಳಗೇ ಅಣೆಕಟ್ಟಿನ ನೀರು. ಬೇಸಿಗೆಯಲ್ಲಿ ಅದು ಇಳಿದರೆ ಉದ್ದಕ್ಕೂ ಮರಳ ದಂಡೆ. "ಇದೇ ನಮ್ಮ ಬೀಚು!" ಎಂದು ಜೀವಿತಾ ನಿನ್ನೆಯೇ ತೀರ್ಪು ಕೊಟ್ಟಾಗಿತ್ತು.

ಜನನಿ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು.

"ರಾತ್ರಿ ಇದ್ರೊಳಗೆ ಹಾಕಿದ್ರಾ?" ಎಂದು ಅಪ್ಪನಿಗೆ ಸನ್ನೆಯಲ್ಲಿ ಕೇಳಿದಳು.

"ಹಾಕ್ದೆ. ಮುಚ್ಚಳ ಮುಚ್ಚಿ ತಲೆದಿಂಬಿನ ಪಕ್ಕ ಮಡಗ್ದೆ."

"ನಾನೂ ನೋಡ್ದೆ," ಎಂದರು ಅತ್ತೆ ಸಣ್ಣತಾಯಮ್ಮ, ಒಲೆಗೆ ಸೌದೆ ನೂಕುತ್ತ.

"ಈಗ ತೆಗೆದಾಗ ಮುಚ್ಚಳ ಹೆಂಗಿತ್ತು ಅಪ್ಪಾ? ಮುಚ್ಚಿತ್ತಾ?" ಎಂದು ಮುಚ್ಚಳ ಮುಚ್ಚಿ ತೋರಿಸಿದಳು.

"ಮುಚ್ಚೇ ಇತ್ತು."

ಜನನಿ ತಲೆಯಾಡಿಸಿದಳು. ಆದರೂ ಶಾಂತಲಾಳಿಗೆ ಸಮಾಧಾನವಿಲ್ಲ. ಅವಳು ಟೀ ಸೋಸುವ ಜಾಲರಿ ಹಿಡಿದು ಮರಳು ಜಾಲಿಸಲು ಕೂತಳು. ಜೀವಿತಾಳಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕೆ? ಅಮ್ಮನ ಜೊತೆ ಕುಕ್ಕರುಗಾಲಲ್ಲಿ ಕೂತು, ಎರಡು ಬಸವನಹುಳುವಿನ ಚಿಪ್ಪು, ಒಂದು ಷರ್ಟಿನ ಗುಂಡಿ ಹುಡುಕಿ ಕುಣಿದಳು. ಮೆಷಿನ್ನು ಮಾತ್ರ ಸಿಗಲಿಲ್ಲ.

ಇತ್ತ ವಿಚಾರಣೆ ನಡೆದಿತ್ತು.

"ಅಣ್ಣಾ, ನಿನ್ನೆ ಸಂಜೆ ಅಪ್ಪ ನಿನ್ನ ಯಾಕೆ ಬೈದ್ರು?"

ಶಾಂತಲಾಳ ಗಂಡ ನಂಜುಂಡೇಶ ಪೆಚ್ಚಾದ. "ಶುಗರ್ ಇದ್ರೂ ಬೇಕರೀಲಿ ಜಿಲೇಬಿ ತಿಂದೆ ಅಂತ ಫೋನಲ್ಲಿ ಹೇಳ್ತಿದ್ದೆ. ಕೇಳಿಸ್ಕೊಂಡ್ಬಿಟ್ರು."

"ಆಗ ನೀನೇನಂದೆ?"

"ಈ ಮನೇಲಿ ಇನ್ಮೇಲೆ ಪಿಸುಗುಟ್ಟೋ ಹಾಗೂ ಇಲ್ಲ ಅಂದೆ. ಅಷ್ಟಕ್ಕೆ ಕದೀತೀನಾ? ಎದ್ದಿದ್ದೇ ಈಗ ತಾನೇ!"

ಅದು ನಿಜ. ಅವನನ್ನು ಎಬ್ಬಿಸಲು ಜೀವಿತಾ ಅವನ ಹೊಟ್ಟೆಯ ಮೇಲೆ ಕೂರಬೇಕಾಗಿತ್ತು.

ಅಷ್ಟರಲ್ಲಿ ಹೊಲದ ಏರಿ ಇಳಿದು ಜೋಗಿ ಬಂದರು, ತಲೆಗೆ ಬಿಳಿ ಮುಂಡಾಸು, ಕೈಯಲ್ಲಿ ಬೀನ್ಸಿನ ಬುಟ್ಟಿ.

"ಅಪ್ಪನ ಮೆಷಿನ್ನು ಕಾಣ್ತಿಲ್ಲ ಮಾಮ. ಬೆಳಿಗ್ಗೆ ಹಾಲು ತಂದಾಗ ಟೆಂಟಿನ ಹತ್ರ ಹೋಗಿದ್ರಾ?" ಎಂದಳು ಜನನಿ.

"ಇಲ್ಲೆ ತಾಯಿ. ಒಲೆ ಹತ್ರ ನಿಮ್ಮಮ್ಮನ ಕೈಗೇ ಕೊಟ್ಟು ಹೋದೆ. ಮೆಷಿನು ಎನಗ ಗೊತ್ತಿಲ್ಲೆ." ಅವರ ಮುಖ ಬಾಡಿತು. "ಮಧ್ಯಾಹ್ನ ಊಟಕ್ಕೆ ನಮ್ಮ ಮನೆಯವರೆಲ್ಲ ಬರ್ತಾರೆ. ನಿಮ್ಮಮ್ಮ ಸೋಬಾನೆ ಹಾಡ್ತೀನಿ ಅಂತ ಮಾತು ಕೊಟ್ಟಿದಾರೆ. ಪುಟ್ಟಯ್ಯನಿಗೆ ಅದು ಕೇಳಬೇಡವಾ?"

ಜನನಿ ಜೋಗಿಯವರನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಶಾಂತಲಾಳ ಪಕ್ಕ ಬಂದು ಕೂತಳು.

"ಅತ್ತಿಗೆ, ಮರಳು ಸಾಕು. ಬೆಳಿಗ್ಗೆ ಅಪ್ಪ ಒಲೆ ಹತ್ರ ಬಂದಾಗಿಂದ ನಡೆದದ್ದೆಲ್ಲ ಹೇಳಿ. ಒಂದೂ ಬಿಡಬೇಡಿ."

"ಏನಿದೆ ಹೇಳೋಕೆ? ಮುಖ ತೊಳೆದು, ಕ್ಯಾಪು ಹಾಕ್ಕೊಂಡು ಬಂದು ಕೂತ್ರು. ನಿದ್ದೆ ಬಂತಾ ಮಾವ ಅಂದೆ, ನಕ್ಕು ತಲೆಯಾಡಿಸಿದ್ರು. ನೀನೂ ಚಳಿ ಆಯ್ತಾ ಅಂದೆ, ಅದಕ್ಕೂ ತಲೆಯಾಡಿಸಿದ್ರು. ಕ್ಯಾಪಿನೊಳಗೆ ಮೆಷಿನ್ನು ಇದೆ ಅಂತ್ಲೇ ನಾನು ಅಂದ್ಕೊಂಡೆ. ಅತ್ತೆ ಕಾಫಿ ಕೊಟ್ರು. 'ಬಿಸಿ ಅದೆ, ನಿಧಾನಕ್ಕೆ ಕುಡೀರಿ' ಅಂತ ಕಿವಿ ಹತ್ರ ಬಗ್ಗಿ ಕೂಗಿದ್ರು. ಕಾಫಿ ಕುಡಿದು ಟೆಂಟಿಗೆ ಹೋದ್ರು. ಅಷ್ಟೇ."

"ಅಷ್ಟೇ ಸಾಕು!" ಜನನಿ ಮರಳು ಕೊಡವಿಕೊಂಡು ಎದ್ದಳು. ಅವಳ ತುಟಿಯಂಚಿನಲ್ಲಿ ನಗು. "ಕಳ್ಳರು ಸಿಕ್ಕಿದ್ರು."

ಅವಳು ಒಬ್ಬೊಬ್ಬರನ್ನೇ ಬೆರಳು ಮಾಡಿ ತೋರಿಸುತ್ತ ಹೇಳತೊಡಗಿದಳು.

"ಹಾಸಿಗೆ ಒದರಿದಾಗ ಬಿದ್ದಿದ್ರೆ ಡಬ್ಬಿ ಬಾಯಿ ತೆರೆದಿರಬೇಕಿತ್ತು. ಬಿದ್ದ ಮೆಷಿನ್ನು ಮುಚ್ಚಳ ಮುಚ್ಚಿ ಹೋಗಲ್ಲ. ಅತ್ತಿಗೆ ಬಿಡಿ. ಅಣ್ಣ ಏಳೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಜೋಗಿ ಮಾಮ ಟೆಂಟಿನ ಕಡೆ ಸುಳಿದೇ ಇಲ್ಲ. ಈಗ ಹೇಳಿ, ಅಪ್ಪನ ಕಿವೀಲಿ ಮೆಷಿನ್ನಿಲ್ಲ ಅಂತ ನಮಗೆ ಯಾವಾಗ ಗೊತ್ತಾಯ್ತು?"

"ಡಬ್ಬಿ ತೋರಿಸಿದಾಗ," ಎಂದಳು ಶಾಂತಲಾ.

"ಅದಕ್ಕೆ ಮುಂಚೆ ನೀವೂ ಮೆಲ್ಲಗೆ ಮಾತಾಡಿದ್ರಿ, ನಾನೂ ಮೆಲ್ಲಗೆ ಮಾತಾಡಿದೆ. ಒಬ್ಬರು ಮಾತ್ರ ಕೂಗಿದ್ರು. ಯಾಕೆ?"

"ಒಂದೇ ಟೆಂಟಲ್ಲಿ ಮಲಗಿದ್ದೋರು. ಹಾಕ್ಕೊಂಡಿಲ್ಲ ಅಂತ ಗೊತ್ತಿರುತ್ತಪ್ಪ," ಎಂದ ನಂಜುಂಡೇಶ.

"ಗೊತ್ತಿದ್ರೆ ಕಾಫಿ ಸಿಗ್ತಿತ್ತಾ? ಎರಡು ತಿಂಗಳಿಂದ ಮನೇಲಿ ಕಾನೂನೇನು ಅತ್ತಿಗೆ?"

ಶಾಂತಲಾಳಿಗೆ ಫಕ್ಕನೆ ಹೊಳೆಯಿತು. 'ಮೊದ್ಲು ಮೆಷಿನ್ನು, ಆಮ್ಯಾಕೆ ಕಾಫಿ.' ಅತ್ತೆ ಒಂದು ದಿನವೂ ತಪ್ಪಿಸದ ಮಾತು. ಇವತ್ತು ಮಾತ್ರ, ಮೆಷಿನ್ನಿಲ್ಲವೆಂದು ಗೊತ್ತಿದ್ದೂ, ಹಾಗೆ ಅನ್ನಲೇ ಇಲ್ಲ!

"ಅವ್ವಾ," ಎಂದಳು ಜನನಿ ಮೃದುವಾಗಿ, "ಕೊಟ್ಬಿಡು."

ಸಣ್ಣತಾಯಮ್ಮ ತಲೆ ಎತ್ತಲಿಲ್ಲ. ನಿಧಾನವಾಗಿ ಸೆರಗಿನ ಗಂಟು ಬಿಚ್ಚಿದರು. ಅಂಗೈ ಮೇಲೆ ಕಡಲೆಬೇಳೆಯ ಬಣ್ಣದ ಪುಟ್ಟ ಮೆಷಿನ್ನು!

"ಯಾಕತ್ತೆ?" ಶಾಂತಲಾಳಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವೇ ಬಂತು.

"ಸಂಜೆ ಮಡಗ್ಬುಡೋಣ ಅಂತಿದ್ದೆ ಕಣವ್ವ. ಆಣೆ." ಅವರ ಕೆನ್ನೆ ಕೆಂಪೇರಿತು. "ಮದುವೆಯಾದ ಹೊಸದ್ರಲ್ಲಿ ಒಂದು ದಪ ರಾಗಿ ಕೇರ್ತಾ ಹಾಡ್ಕತಿದ್ದೆ. 'ಯಾವುದದು ಕಿರ್ ಅನ್ನೋದು, ಬಾಗಿಲ ಕೀಲಿಗೆ ಎಣ್ಣೆ ಬಿಟ್ಟಿಲ್ವಾ' ಅಂದ್ಬುಟ್ರು. ಅವತ್ತಿಂದ ಅವರ ಮುಂದೆ ಬಾಯಿ ಬಿಟ್ಟಿಲ್ಲ. ಕಿವಿ ಮಂದ ಆದ್ಮೇಲೆ ಅಡುಗೆಮನೇಲಿ ಆರಾಮಾಗಿ ಹಾಡ್ಕತಿದ್ದೆ. ಈ ಮೆಷಿನ್ನು ಬಂದು ಅದೂ ನಿಂತೋಯ್ತು. ಇವತ್ತು ಅಷ್ಟು ಜನದ ಎದುರಿಗೆ ಅದೇ ಮಾತು ಅಂದ್ಬುಟ್ರೆ?"

"ಏನಂತೆ? ಏನಂತೆ?" ಎಂದು ಪುಟ್ಟಯ್ಯನವರು ಎಲ್ಲರ ಬಾಯಿಯನ್ನೂ ನೋಡುತ್ತಿದ್ದರು.

ಶಾಂತಲಾ ಮೆಷಿನ್ನನ್ನು ಒರೆಸಿ ಅವರ ಕಿವಿಗೆ ಸಿಕ್ಕಿಸಿ, ಮೊದಲಿಂದ ಎಲ್ಲವನ್ನೂ ಹೇಳಿದಳು. ಅವರ ಮುಖ ಸಣ್ಣದಾಯಿತು.

"ಬಾಗಿಲ ಕೀಲು? ನಾನಾ ಅಂದಿದ್ದು?" ಹೆಂಡತಿಯ ಕಡೆ ತಿರುಗಿದರು. "ನನಗೆ ಗ್ಯಾನವೇ ಇಲ್ವಲ್ಲ. ತಮಾಷೆಗೆ ಅಂದಿರ್ತೀನಿ. ಅದಕ್ಕೆ ಇಷ್ಟು ವರ್ಷ ಬಾಯಿ ಮುಚ್ಚಿದ್ಯಾ?"

ಸಣ್ಣತಾಯಮ್ಮ ಬೀನ್ಸಿನ ಬುಟ್ಟಿ ಎಳೆದುಕೊಂಡು ನಾರು ತೆಗೆಯತೊಡಗಿದರು.

ಮಧ್ಯಾಹ್ನ ಜೋಗಿಯವರ ಮನೆಯ ಹೆಂಗಸರು ಸಾರಿನ ಪಾತ್ರೆ, ನಗು, ಗಲಾಟೆ ಎಲ್ಲವನ್ನೂ ಹೊತ್ತು ಬಂದರು. ಊಟವಾಯಿತು. ಸಣ್ಣತಾಯಮ್ಮ ಗಂಡನಿಗೆ ಬೆನ್ನು ಹಾಕಿ, ನೀರಿನ ಕಡೆ ಮುಖ ಮಾಡಿ ಕೂತು ಶುರು ಮಾಡಿದರು. ಮೊದಲ ಸಾಲು ನಡುಗಿತು. ಎರಡನೆಯದಕ್ಕೆ ದನಿ ಬಿಚ್ಚಿಕೊಂಡಿತು. ಮೂರನೆಯದಕ್ಕೆ ಹೆಂಗಸರೆಲ್ಲ ಸೊಲ್ಲು ಕೊಟ್ಟರು. ಜೀವಿತಾ ಅರ್ಥವಾಗದ ಪದಗಳನ್ನೂ ಜೋರಾಗಿ ಕೂಗಿದಳು.

ಹಾಡು ಮುಗಿಯಿತು. ಶಾಂತಲಾ ಮಾವನನ್ನೇ ನೋಡಿದಳು. ಅವರು ಎದ್ದು ಮರಳಿನ ಮೇಲೆ ಕಾಲೆಳೆಯುತ್ತ ಹೋಗಿ ಹೆಂಡತಿಯ ಎದುರಿಗೇ ಕುಳಿತರು. ಕಣ್ಣು ಒದ್ದೆಯಾಗಿತ್ತು.

"ಶಾಂತಲಾ," ಎಂದು ಕೂಗಿದರು, "ಇದರ ಸೌಂಡು ವಸಿ ಜಾಸ್ತಿ ಮಾಡಿಕೊಡವ್ವ."