ಬೋಲ್ಟಿನ ಕೆಳಗಿನ ಬಣ್ಣ

"ಬಲ್ಬ್ ಸರಿಯಾಗೇ ಇದೆ. ಯಾಕೆ ಮತ್ತೆ ಮತ್ತೆ ಬಿಚ್ತಿದ್ದೀರಾ?"

ಬೆನ್ನ ಹಿಂದಿನ ಆ ಧ್ವನಿಗೆ, ಕಾರಿನ ಬ್ರೇಕ್ ಲೈಟಿನ ಮುಂದೆ ಕೂತಿದ್ದ ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಬಿತ್ತು. ತಿರುಗಿ ನೋಡಬೇಕಾಗಿರಲಿಲ್ಲ.

ಫ್ಯೂಸು!

ಎಷ್ಟು ಬೈದರೂ ಸಿಟ್ಟಾಗದ, ಎಂದೂ ಸುಟ್ಟುಹೋಗದ ಫ್ಯೂಸಿನಂಥ ಈ ಎಲೆಕ್ಟ್ರಿಷಿಯನ್‌ಗೆ ಕಾರು ರಿಪೇರಿ ಶೆಡ್ಡಿನವರು ತಮಾಷೆಗೆ ಇಟ್ಟ ಹೆಸರದು. ಎರಡು ವರ್ಷದ ಹಿಂದೆ ಅವಳು ಇವನನ್ನೇ ಮದುವೆಯಾಗಬೇಕಿತ್ತು.

ಇವತ್ತು ಕರೆಸಿದ್ದು ಅವಳೇ. ಕರೆಸಿದ ಮೇಲೆ, ಅಯ್ಯೋ ಬರದೇ ಇದ್ದರೆ ಸಾಕಪ್ಪಾ ಅಂದುಕೊಂಡವಳೂ ಅವಳೇ.

"ಸಂಜೆ ಗುಜರಿಯವರು ಬರ್ತಾರೆ," ಎಂದಳು ಮುಖ ನೋಡದೆ. "ಅಷ್ಟರಲ್ಲಿ ಲೈಟು ಸರಿಹೋಗದಿದ್ರೆ ಅಪ್ಪ ಕಾರು ಕೊಟ್ಟುಬಿಡ್ತಾರೆ. ಅದಕ್ಕೇ ನಿಮ್ಮನ್ನ ಕರೆದಿದ್ದು. ಬೇರೇನಿಲ್ಲ."

"ಬೇರೇನೋ ಇದೆ ಅಂತ ನಾನೆಲ್ಲಿ ಅಂದೆ?"

ನೀವು, ನಿಮ್ಮನ್ನ... ಒಂದು ಕಾಲಕ್ಕೆ ಒಂದೇ ಲೋಟದಲ್ಲಿ ಟೀ ಕುಡಿದವರು! ಅವಳಿಗೆ ಅಳು ಬರಬೇಕಿತ್ತು. ಆದರೆ ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ.

ಅದು ಅಮ್ಮನ ಕಾರು. ಅಮ್ಮ ಹೋದ ಮೇಲೆ ಟಾರ್ಪಾಲಿನ ಕೆಳಗೆ ತುಕ್ಕು ಹಿಡಿಯುತ್ತಿದ್ದ ಆ ಹಳೇ ಕಾರಿಗೆ ಜೀವ ತುಂಬಿದ್ದು ಇವರಿಬ್ಬರು. ಅವಳು ಅದೇ ಶೆಡ್ಡಿನ ಪೇಂಟರ್, ಕಡುಗೆಂಪು ಬಣ್ಣ ಹೊಡೆದಳು. ಅವನು ಹೊಸದಾಗಿ ವೈರಿಂಗ್ ಮಾಡಿದ. ಆ ಕೆಲಸದ ನಡುವೆ ಯಾವಾಗ ಮನಸ್ಸು ಕೊಟ್ಟು ತೆಗೆದುಕೊಂಡರೋ, ಇಬ್ಬರಿಗೂ ಗೊತ್ತಿಲ್ಲ.

ಕಾರು ಹೊರಗೆ ತೆಗೆದ ದಿನವೇ ಎಲ್ಲ ಕೆಟ್ಟಿತು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕಿತು. ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಮಂಕಾಯಿತು. ಶೆಡ್ ಯಜಮಾನರು, ಅಪ್ಪ, ಎಲ್ಲರೂ ನೋಡುತ್ತಿದ್ದರು. ಅಪ್ಪ ಬಾಯಿಗೆ ಬಂದಂತೆ ಬೈದರೂ ಫ್ಯೂಸು ತುಟಿ ಬಿಚ್ಚಲಿಲ್ಲ. ಆ ಮೌನ ನೋಡಿ ಅವಳಿಗೇ ರೇಗಿತ್ತು.

"ನಿನ್ನ ಕೈಕೆಲಸದ ಮೇಲೆ ನಂಬಿಕೆ ಇಟ್ಟಿದ್ದೇ ತಪ್ಪು. ಇನ್ನು ನಮ್ಮನೆ ಕಡೆ ಬರಬೇಡ!"

ಅವನು ಬರಲಿಲ್ಲ. ಅವಳೂ ಕರೆಯಲಿಲ್ಲ. ಆಮೇಲೆ ಬಂದವರೆಲ್ಲ ಬಲ್ಬ್ ಬದಲಿಸಿದರು, ಸ್ವಿಚ್ ಬದಲಿಸಿದರು, ತಲೆ ಕೆರೆದುಕೊಂಡು ಹೋದರು. ಶೆಡ್ಡಿನ ಕೆಲಸ, ಅಪ್ಪನ ಮಂಡಿನೋವು, ಅಡುಗೆ ಎಲ್ಲ ಮುಗಿಸಿ ಅವಳೂ ಟೆಸ್ಟ್ ಲ್ಯಾಂಪ್ ಹಿಡಿದು ಕೂರುತ್ತಿದ್ದಳು. ಎಲ್ಲ ವೈರಿನಲ್ಲೂ ಕರೆಂಟ್ ಬರುತ್ತಿತ್ತು. ದೀಪ ಮಾತ್ರ ಸರಿಯಾಗಿ ಹತ್ತುತ್ತಿರಲಿಲ್ಲ.

ಫ್ಯೂಸು ಬಾನೆಟ್ ತೆಗೆಯಲಿಲ್ಲ. ನೇರವಾಗಿ ಡಿಕ್ಕಿ ತೆಗೆದು, ಮ್ಯಾಟ್ ಎತ್ತಿ, ಮೂಲೆಯ ಒಂದು ಬೋಲ್ಟಿಗೆ ಸ್ಪ್ಯಾನರ್ ಹಾಕಿದ.

ಎಲ್ಲರೂ ಫ್ಯೂಸ್ ಬಾಕ್ಸಿನಿಂದ ಶುರು ಮಾಡಿದ್ದರು. ಇವನೊಬ್ಬ...

"ನಿಮಗೆ ಮೊದಲೇ ಗೊತ್ತಿತ್ತಾ?"

ಅವನು ಬೋಲ್ಟ್ ತೆಗೆದ. ವೈರಿನ ರಿಂಗ್ ಸರಿಸಿದ. ಅದರ ಕೆಳಗೆ ಹೊಳೆಯುತ್ತಿತ್ತು ಕಡುಗೆಂಪು ಬಣ್ಣ. ಅವಳದೇ ಬಣ್ಣ.

"ದೀಪಕ್ಕೆ ಬಂದ ಕರೆಂಟು ವಾಪಸ್ ಹೋಗೋಕೂ ದಾರಿ ಬೇಕು," ಎಂದ ಮೆಲ್ಲಗೆ. "ಈ ಕಾರಲ್ಲಿ ಬಾಡಿನೇ ಆ ದಾರಿ. ಈ ಅರ್ತ್ ವೈರು ಬಣ್ಣವಿಲ್ಲದ ತಗಡಿಗೆ ತಾಗಬೇಕು. ಬಣ್ಣ ಬೀಳದಿರಲಿ ಅಂತಲೇ ಇಲ್ಲೆಲ್ಲ ಟೇಪ್ ಚೂರು ಅಂಟಿಸಿದ್ದೆ."

ಟೇಪ್ ಚೂರುಗಳು! ಅವಳೇ ಉಗುರಿನಿಂದ ಕಿತ್ತು ಎಸೆದಿದ್ದಳು. ಒಂದು ಚುಕ್ಕೆ ಬಣ್ಣ ಬಿಟ್ಟುಹೋದರೂ ಸಮಾಧಾನವಿಲ್ಲದವಳು ಅವಳು. ಅವನು ವೈರು ಕೂರಿಸಲು ಬರುವ ಹೊತ್ತಿಗೆ, ಬೆಳಕಿಲ್ಲದ ಆ ಮೂಲೆಯಲ್ಲೂ ಕೋಟಿನ ಮೇಲೆ ಕೋಟ್ ಹೊಡೆದು ಮುಗಿಸಿದ್ದಳು. ಆ ಕತ್ತಲಲ್ಲಿ ಬಣ್ಣ ಕಾಣದೆ ಅವನು ಅದರ ಮೇಲೇ ರಿಂಗ್ ಬಿಗಿದಿದ್ದ.

"ಅವತ್ತೇ ಯಾಕೆ ಹೇಳಲಿಲ್ಲ?"

"ಈ ಬೋಲ್ಟ್ ಬಿಚ್ಚಿ ನೋಡಿದಾಗ ಯಜಮಾನರು ಪಕ್ಕದಲ್ಲೇ ಇದ್ರು. ಈ ಕಾರಿನ ಪೇಂಟ್ ನೋಡಿ ನಿಮ್ಮನ್ನ ಹೆಡ್ ಪೇಂಟರ್ ಮಾಡೋದಿತ್ತು. ತಪ್ಪು ಪೇಂಟಿಂದು ಅಂತ ಹೇಗೆ ಹೇಳಲಿ? ಸಂಜೆ ಒಬ್ಬರೇ ಸಿಕ್ಕಾಗ ಹೇಳೋಣ ಅಂತ ಮತ್ತೆ ಬಿಗಿ ಮಾಡಿದೆ. ಅಷ್ಟರಲ್ಲಿ... ಮನೆಗೆ ಬರಬೇಡ ಅಂದ್ರಿ."

ಅವಳು ಡಿಕ್ಕಿಯ ಅಂಚಿಗೆ ಒರಗಿ ಕೂತಳು. ನನ್ನ ಕೆಲಸ ಉಳಿಸೋಕೆ ಇವನು ಇಷ್ಟೆಲ್ಲ ಬೈಸಿಕೊಂಡನಾ? ನಾನೇ ಬೈದೆನಲ್ಲ... ಮರುಗಳಿಗೆಯೇ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ಯಾರು ಕೇಳಿದ್ರು ನಿನ್ನ ತ್ಯಾಗಾನ? ಬೈದಿದ್ದು ನನ್ನ ತಪ್ಪು, ಒಪ್ಪಿದೆ. ಆದ್ರೆ ಒಂದು ಮಾತು ಹೇಳಿದ್ರೆ ನಾನೇ ಕೆರೆದು ಸರಿ ಮಾಡ್ತಿದ್ದೆ! ಎರಡು ವರ್ಷ ಕಣೋ... ಸಾಕಾಗಿಹೋಗಿದೆ ನಂಗೆ."

"ನಂಗೂ," ಎಂದ ಅವನು. ಅವನ ಕಣ್ಣ ಕೆಳಗಿನ ಕಪ್ಪು ಅವಳಿಗೆ ಆಗ ಕಂಡಿತು. "ನಿನ್ನ ಬಿಟ್ಟು ಇರೋದು ಸಾಕಾಗಿದೆ. ತಪ್ಪು ಹೇಳೋಕೆ ಧೈರ್ಯ ಇರಲಿಲ್ಲ. ಆಮೇಲೆ ಬರೋಕೂ ಇರಲಿಲ್ಲ."

ಅವನು ಉಪ್ಪುಕಾಗದ ತೆಗೆದ. ಬಣ್ಣದ ಹತ್ತಿರ ಒಯ್ದ ಕೈ ಅಲ್ಲೇ ನಿಂತಿತು.

"ಕೊಡು ಇಲ್ಲಿ," ಎಂದು ಅವಳೇ ಕಸಿದುಕೊಂಡಳು.

ತಾನೇ ಹೊಡೆದ ಬಣ್ಣವನ್ನು ತಾನೇ ಉಜ್ಜಿದಳು. ಕೆಂಪು ಪುಡಿ ಬೆರಳಿಗೆ ಮೆತ್ತಿತು. ಬಿಳಿ ತಗಡು ಕಂಡಿತು. ಅವನು ರಿಂಗ್ ಕೂರಿಸಿ ಬಿಗಿ ಮಾಡಿದ.

"ಅಪ್ಪಾ, ಬಂದು ಬ್ರೇಕ್ ಒತ್ತಿ!"

ಅಪ್ಪ ಗೊಣಗುತ್ತಲೇ ಅಮ್ಮನ ಸೀಟಿನಲ್ಲಿ ಕೂತರು. ಮರುಕ್ಷಣ ಹಿಂದಿನ ದೀಪಗಳು ಜಗ್ಗನೆ ಹತ್ತಿದವು. ಇಂಡಿಕೇಟರ್ ತನ್ನ ಪಾಡಿಗೆ ತಾನು ಸುಮ್ಮನಿತ್ತು.

"ಏನಾಗಿತ್ತೋ ಫ್ಯೂಸು?"

ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು. "ನನ್ನ ತಪ್ಪಪ್ಪಾ. ಬೋಲ್ಟಿನ ಕೆಳಗೆ ಪೇಂಟ್ ಹೊಡೆದಿದ್ದೆ. ಇವನದೇನೂ ಇಲ್ಲ."

ಅಪ್ಪ ಸ್ಟಿಯರಿಂಗ್ ಸವರಿದರು.

"ಗುಜರಿಯವನಿಗೆ ಬರಬೇಡ ಅಂತ ಫೋನ್ ಮಾಡು. ಇವನಿಗೆ ಊಟಕ್ಕೆ ಹಾಕು. ನಾನೂ ಸುಮ್ಸುಮ್ನೆ ಬೈದುಬಿಟ್ಟಿದ್ದೆ."

ದೀಪದ ಕೆಂಪು ಬೆಳಕಿನಲ್ಲಿ ಇಬ್ಬರೂ ಡಿಕ್ಕಿಗೆ ಒರಗಿ ನಿಂತರು. ಅವಳು ಸುಸ್ತಾದ ತಲೆಯನ್ನು ಅವನ ಭುಜಕ್ಕಿಟ್ಟಳು.

"ಇನ್ಮೇಲೆ ನನ್ನ ತಪ್ಪನ್ನ ನನಗೇ ಹೇಳ್ಬೇಕು."

"ಹೇಳ್ತೀನಿ. ಬೈಯಲ್ಲ ತಾನೇ?"

"ಬೈತೀನಿ," ಎಂದಳು ಕಣ್ಣು ಮುಚ್ಚಿ. "ಬೈದಾಗ ಹೋಗ್ಬೇಡ. ಅಷ್ಟೇ."