ಎಡಗಾಲಿನ ಬಲಸುತ್ತು

“ರಂಜೂ! ಓಡ್ಬಾರವ್ವ! ಸಿಡಿಲು ಕಾಲೂರ್ತಾ ಇಲ್ಲ ಕಣೇ!”

ಸವಾರಿ ಶಾಲೆಯ ಕುದುರೆಗಳನ್ನು ನೋಡಿಕೊಳ್ಳುವ ಅಣ್ಣ ಮಾದೇಶನ ಕೂಗು ಲಾಯದ ತಗಡಿಗೆ ಬಡಿದು ಹೊರಬಂತು. ರಂಜಿನಿ ಕೈಯಲ್ಲಿದ್ದ ನೀಲಿ ಬಾವುಟವನ್ನು ಬೇಲಿಗೊರಗಿಸಿ ಒಳಕ್ಕೆ ಓಡಿದಳು.

ಕಂದು ಕುದುರೆ ಸಿಡಿಲು ಎಡ ಮುಂಗಾಲನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿದು ನಿಂತಿತ್ತು. ಮೈಯೆಲ್ಲ ಬೆವರು. ಮೂಗಿನ ಹೊಳ್ಳೆಗಳು ಅರಳಿ ನಡುಗುತ್ತಿದ್ದವು. ಎರಡೂ ಮುಂಗಾಲಿಗೆ, ಮಂಡಿಯ ಕೆಳಗಿನಿಂದ ಗೊರಸಿನ ಮೇಲಿನ ಗಿಣ್ಣಿನವರೆಗೆ, ನೀಲಿ ಕಾಲುಪಟ್ಟಿ ಬಿಗಿದಿತ್ತು. ಹೊಚ್ಚಹೊಸದು. ಮೆರವಣಿಗೆಗೆಂದೇ ರಂಜಿನಿ ಮೈಸೂರಿನಿಂದ ಆರಿಸಿ ತಂದದ್ದು.

“ನೀಲಿ ಪಟ್ಟಿ ಯಾಕಣ್ಣ ಕಟ್ದೆ? ರಾತ್ರಿಯೆಲ್ಲ ಇದರಲ್ಲೇ ನಿಂತಿತ್ತಾ?”

“ನಾನೆಲ್ಲಿ ಕಟ್ದೆ? ಸಂಜೆ ನಾನ್ ಕಟ್ಟಿದ್ದು ಬಿಳಿ ಪಟ್ಟಿ. ಒಳಗೆ ಹತ್ತಿ ಮೆತ್ತೆ ಇಟ್ಟು ಕಟ್ಟಿ, ವೇದಿಕೆ ಕೆಲ್ಸಕ್ಕೆ ಊರಿಗೆ ಹೋದೆ. ಈಗ ಬಂದು ನೋಡಿದ್ರೆ ಹಿಂಗೆ!”

ಬಿಳಿ ಪಟ್ಟಿ ಹಿಗ್ಗದ ದಪ್ಪ ಹತ್ತಿ ಬಟ್ಟೆ. ದಣಿದ ಕಾಲಿಗೆ ರಾತ್ರಿ ಆಸರೆ ಕೊಡಲು, ಮೆತ್ತೆಯ ಮೇಲೆ ಕಟ್ಟುವಂಥದ್ದು. ನೀಲಿಯದು ಎಳೆದಷ್ಟೂ ಹಿಗ್ಗುವಂಥದ್ದು. ಸವಾರಿಗೆ ಮುಂಚೆ ಹದವಾಗಿ ಕಟ್ಟಬೇಕು, ಇಳಿದ ಕೂಡಲೇ ಬಿಚ್ಚಬೇಕು. ಮೆತ್ತೆಯಿಲ್ಲದೆ ಬಿಗಿದು ರಾತ್ರಿಯಿಡೀ ಬಿಟ್ಟರೆ ಅದು ಕಾಲಿನ ರಕ್ತವನ್ನೇ ಹಿಂಡಿಬಿಡುತ್ತದೆ. ಲಾಯಕ್ಕೆ ಬಂದವರಿಗೆಲ್ಲ ಮಾದೇಶ ಹೇಳುತ್ತಿದ್ದ ಮೊದಲ ಪಾಠವೇ ಇದು. ಅವನೇ ಇದನ್ನು ಮರೆಯುವುದೆಂದರೇನು?

ಅದೂ ಈ ದಿನ! ಏಪ್ರಿಲ್ ಹದಿನಾಲ್ಕು!

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲೇ ಮಂಟಿಕೊಪ್ಪಲು. ಆ ಊರಿನ ಅಂಬೇಡ್ಕರ್ ಜಯಂತಿ ಮೆರವಣಿಗೆ ಈ ವರ್ಷ ಮೊಟ್ಟಮೊದಲ ಬಾರಿಗೆ ದೊಡ್ಡಬೀದಿಯಲ್ಲಿ ಹಾಯಲಿತ್ತು. ಮುಂದೆ ಒಂದು ಕುದುರೆ. ಕುದುರೆಯ ಮೇಲೆ ರಂಜಿನಿ. ಅವಳ ತಾತ ಚಪ್ಪಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದ ಬೀದಿ ಅದು. ಅಲ್ಲಿ ಗೊರಸಿನ ಸದ್ದು ಕೇಳಿಸಬೇಕೆಂದು ಅವಳು ತಿಂಗಳುಗಟ್ಟಲೆ ಜೀನಿನ ಮೇಲೆ ತೊಡೆ ಸವೆಸಿದ್ದಳು.

ಹೊರಗೆ ಸ್ಕೂಟರ್ ನಿಂತಿತು. ಮೆರವಣಿಗೆಗೆ ಮುಂಚೆ ಕುದುರೆಯನ್ನು ಒಮ್ಮೆ ಪರೀಕ್ಷಿಸಲು ಬರುತ್ತೇನೆಂದಿದ್ದ ಪಶುವೈದ್ಯೆ ಕವನ. ಚಿಕ್ಕಯ್ಯನಛತ್ರದ ಕಡೆಯವಳು. ಭಾನುವಾರದ ಓದುಬಳಗದಲ್ಲಿ ರಂಜಿನಿಯ ಪಕ್ಕದಲ್ಲೇ ಕೂತು ಪ್ರತಿ ಪುಟಕ್ಕೂ ಜಗಳ ತೆಗೆಯುವವಳು.

ಒಳಗೆ ಬಂದವಳೇ ಕುದುರೆಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಳು.

“ರಂಜೂ, ಫೋನ್ ತೆಗಿ. ನಾನು ಪಟ್ಟಿ ಬಿಚ್ಚೋದನ್ನ ವಿಡಿಯೋ ಮಾಡು.”

“ಅಕ್ಕಾ, ಈಗ ವಿಡಿಯೋನಾ?”

“ಇದು ನಿಮ್ಮಣ್ಣನ ತಲೆಗೆ ಬರುತ್ತೆ ಕಣೇ. ಮಾಡು!”

ಬಲಗಾಲಿನ ಪಟ್ಟಿ ಬಿಚ್ಚಿಕೊಂಡಿತು. ಸುತ್ತಿನ ಮೇಲೆ ಸುತ್ತು, ಒಂದೇ ಅಳತೆ, ಎಲ್ಲೂ ಒಂದು ಸುಕ್ಕಿಲ್ಲ. ಆಮೇಲೆ ಎಡಗಾಲು. ಕವನಳ ಕೈ ಒಂದು ಗಳಿಗೆ ನಿಂತಿತು. ಹುಬ್ಬು ಗಂಟಿಕ್ಕಿತು. ಮತ್ತೆ ಬಿಚ್ಚತೊಡಗಿದಳು.

ಬಲಗಾಲು ಊದಿತ್ತು. ಎಡಗಾಲು ಅದಕ್ಕಿಂತಲೂ ಊದಿ, ಹಿಂಬದಿಯ ನರದ ಮೇಲೆ ಕೈಯಿಟ್ಟರೆ ಕೆಂಡದಂತೆ ಸುಡುತ್ತಿತ್ತು.

“ನೀರು ಬಿಡಿ. ತಣ್ಣೀರು, ನಿಲ್ಲಿಸಬೇಡಿ. ಕಾಲು ಉಳಿಯುತ್ತೆ. ಆದರೆ ಇವತ್ತಲ್ಲ, ಇನ್ನು ಎಷ್ಟೋ ದಿನ ಇದರ ಮೇಲೆ ಯಾರೂ ಕೂರೋ ಹಾಗಿಲ್ಲ.”

ಮಾದೇಶ ಪೈಪು ಹಿಡಿದ. ಅವನ ಕಣ್ಣಿಂದಲೂ ನೀರು ಇಳಿಯುತ್ತಿತ್ತು.

“ಅಯ್ಯಯ್ಯೋ! ಏನಾಯ್ತೋ ನನ್ನ ಮಗೂಗೆ?”

ಕೂಗುತ್ತಾ ಬಂದವನು ರವಿ. ಈ ಸವಾರಿ ಶಾಲೆಯ ಯಜಮಾನ. ಲಾಯಕ್ಕಂಟಿಕೊಂಡೇ ಅವನ ಮನೆ. ಕುದುರೆ ಸೀನಿದರೂ ರೀಲ್ಸ್ ಹಾಕುವ ಆಸಾಮಿ. ಮೆರವಣಿಗೆಗೆ ಕುದುರೆ ಕೊಡುತ್ತೇನೆಂದು ತಾನಾಗಿ ಮುಂದೆ ಬಂದು, ‘ಜಾತಿ ಮೀರಿದ ಯುವಕ’ ಎಂದು ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡಿದ್ದ. ಊರಿನ ದೊಡ್ಡ ಜಮೀನುದಾರ ಶಿವಣ್ಣ ಅವನ ಸೋದರಮಾವ.

ನೆಲದ ಮೇಲಿದ್ದ ಪಟ್ಟಿಯನ್ನು ನೋಡಿದವನೇ ಮಾದೇಶನ ಕಡೆ ತಿರುಗಿದ.

“ರಾತ್ರೀನೇ ಕಟ್ಟಿಬಿಟ್ಟೆಯೇನೋ? ನೀಲಿ ಕಂಡ್ರೆ ನಿಮಗೆ ತಲೆ ನಿಲ್ಲಲ್ಲ! ಬೆಳಗಾಗೋವರೆಗೂ ತಡೆಯಕ್ಕಾಗಲಿಲ್ವಾ?”

“ಅಣ್ಣ, ನಾನ್ ಕಟ್ಟಿಲ್ಲ...”

“ಮತ್ತೆ ಕುದುರೇನೇ ಕಟ್ಕೊಂಡ್ತಾ? ಇಲ್ಲಿ ಇಷ್ಟು ನೀಟಾಗಿ ಕಟ್ಟೋನು ನೀನೊಬ್ಬನೇ. ಸ್ಟೇಷನ್‌ಗೆ ಫೋನ್ ಮಾಡಿದ್ದೀನಿ. ಬರ್ತಾ ಇದ್ದಾರೆ. ಅಲ್ಲಿ ಹೇಳ್ಕೋ.”

ರಂಜಿನಿ ಅಣ್ಣನ ಪಕ್ಕಕ್ಕೆ ಹೋಗಿ ನಿಂತಳು. ಕುದುರೆಯೂ ಹೋಯಿತು, ಮೆರವಣಿಗೆಯೂ ಹೋಯಿತು, ಈಗ ಅಣ್ಣನೂ ಹೋಗುತ್ತಾನೆಯೇ? ಕೊಟ್ಟವನು ದೊಡ್ಡವನಾಗಿ ಉಳಿಯುತ್ತಾನೆ. ಈಸಿಕೊಂಡವರು ಕೈಲಾಗದವರಾಗುತ್ತಾರೆ. ಯಾವ ಕಾಲದ ಲೆಕ್ಕ ಇದು, ಇನ್ನೂ ಚುಕ್ತಾ ಆಗಿಲ್ಲವೇ?

“ಪೊಲೀಸರು ಬರೋವರೆಗೆ ನಾನು ನಾಲ್ಕು ಪ್ರಶ್ನೆ ಕೇಳ್ತೀನಿ,” ಅಂದಳು ಕವನ. “ಮಾದೇಶ, ನೆನ್ನೆ ಸಂಜೆ ಇಲ್ಲಿಗೆ ಯಾರ‍್ಯಾರು ಬಂದಿದ್ರು?”

“ಶಿವಣ್ಣೋರು ಹುರುಳಿ ಮೂಟೆ ಇಳಿಸೋಕೆ ಬಂದಿದ್ರು. ಬೆಟ್ಟಸ್ವಾಮಣ್ಣ ಕುದುರೆ ನೋಡೋಕೆ ಬಂದಿದ್ರು.”

“ಕರೆಸು.”

ಕರೆಸುವ ಅಗತ್ಯವೇ ಬೀಳಲಿಲ್ಲ. ಸುದ್ದಿ ಕಾಲುವೆ ದಾಟಿ ಊರು ಮುಟ್ಟಿ ಇಬ್ಬರನ್ನೂ ಎಳೆದು ತಂದಿತ್ತು. ಶಿವಣ್ಣ ಟ್ರ್ಯಾಕ್ಟರಿನಿಂದ ಇಳಿದ. ಮೆರವಣಿಗೆ ಕಮಿಟಿಯ ಮುಖಂಡ, ಶಾಮಿಯಾನದ ಬೆಟ್ಟಸ್ವಾಮಿ, ಬೈಕಿನಿಂದ ಹಾರಿ ಓಡಿಬಂದ.

“ಶಿವಣ್ಣನೋರೇ, ‘ನಮ್ಮ ಬೀದಿಗೆ ಕುದುರೆ ಬಂದ್ರೆ ಅದರ ಕಾಲು ಇರಕ್ಕಿಲ್ಲ’ ಅಂತ ಟೀ ಅಂಗಡೀಲಿ ಅಂದವರು ನೀವೇ ತಾನೇ?” ಕವನ ಕೇಳಿದಳು.

“ಅಂದೆ. ಏನೀಗ?” ಶಿವಣ್ಣ ಮೀಸೆಯ ಮೇಲೆ ಕೈಯಾಡಿಸಿದ. “ಎದುರಿಗೇ ಅಂದೆ. ಇವತ್ತೂ ಅಂತೀನಿ. ಅಂಗಂತ ಮೂಕಪ್ರಾಣಿ ಕಾಲು ಕೆಡಿಸೋ ನನ್ಮಗ ಅಲ್ಲ ಕಣಮ್ಮಿ ನಾನು!”

“ಬೆಟ್ಟಸ್ವಾಮಣ್ಣ, ಹೆಣ್ಣುಮಗಳು ಕುದುರೆ ಹತ್ತೋದು ಬೇಡ, ನನ್ನ ಮಗ ಹತ್ತಲಿ ಅಂತ ಕಮಿಟೀಲಿ ಗಲಾಟೆ ಮಾಡಿದವರು ನೀವಲ್ವಾ?”

ಬೆಟ್ಟಸ್ವಾಮಿಯ ಮುಖ ಕಪ್ಪಿಟ್ಟಿತು. “ಮಾಡ್ದೆ ತಾಯಿ. ಸೋತೆ. ಸೋತ್ಮೇಲೆ ಸುಮ್ಕಾದೆ. ನಮ್ಮ ಮೆರವಣಿಗೇನ ನಾನೇ ಕೆಡಿಸ್ತೀನಾ?”

ಕವನ ಎರಡೂ ನೀಲಿ ಪಟ್ಟಿಗಳನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದಳು. ಲಾಯದ ಬಾಗಿಲಿಗೆ ಎರಡು ಮರದ ಕಂಬಗಳಿದ್ದವು.

“ಇದು ಕುದುರೆ ಎಡಗಾಲು, ಅದು ಬಲಗಾಲು. ಒಬ್ಬೊಬ್ಬರಾಗಿ ಕಟ್ಟಿ ತೋರಿಸಿ.”

“ಏನು ಆಟ ಇದು ಮೇಡಂ?” ರವಿ ನಕ್ಕ.

“ಆಟಾನೇ. ಶಿವಣ್ಣನೋರೇ, ಮೊದಲು ನೀವು.”

ಶಿವಣ್ಣ ಗೊಣಗುತ್ತಲೇ ಸುತ್ತಿದ. ರುಮಾಲು ಸುತ್ತುವವನಂತೆ ಮೇಲಿನಿಂದ ಶುರುಮಾಡಿದ. ಎರಡೂ ಕಂಬಕ್ಕೆ ಬಲಕ್ಕೇ, ಗುಡಿಗೆ ಪ್ರದಕ್ಷಿಣೆ ಬಂದಂತೆ, ತಿರುಗಿಸಿದ. ಕೈಬಿಟ್ಟ ಕೂಡಲೇ ಪಟ್ಟಿ ಜಾರಿ ಅವನ ಪಾದದ ಮೇಲೇ ಬಿತ್ತು.

ಬೆಟ್ಟಸ್ವಾಮಿ ಕ್ಷಣದಲ್ಲಿ ಸುತ್ತಿ ಮುಗಿಸಿದ. ಒಂದು ಸುಕ್ಕಿಲ್ಲ! ರಂಜಿನಿ ಅಣ್ಣನ ಕಡೆ ನೋಡಿದಳು. ಇಷ್ಟು ನೀಟಾಗಿ ಕಟ್ಟುವವನು ಇನ್ನೊಬ್ಬನಿದ್ದಾನೆ. ಅವನು ನಮ್ಮವನೇ!

ಕವನ ಕಂಬಗಳನ್ನು ದಿಟ್ಟಿಸಿದಳು. “ಎಡಗಂಬಕ್ಕೆ ಎಡಕ್ಕೆ, ಬಲಗಂಬಕ್ಕೆ ಬಲಕ್ಕೆ ಸುತ್ತಿದ್ದೀರ. ಯಾಕೆ?”

“ಚಪ್ಪರದ ಬಾಗ್ಲಿಗೆ ಬಟ್ಟೆ ಸುತ್ತೋದೇ ಅಂಗೆ ತಾಯಿ. ಎರಡೂ ಕಂಬ ಒಂದೇ ಕಡೆ ತಿರುಗಿದ್ರೆ ಚೆಂದ ಕಾಣಾಕಿಲ್ಲ. ಎದುರುಬದುರು ಇರಬೇಕು.”

“ಮಾದೇಶ?”

ಮಾದೇಶನೂ ಹಾಗೆಯೇ. ಎಡಕ್ಕೆ ಎಡಸುತ್ತು, ಬಲಕ್ಕೆ ಬಲಸುತ್ತು. ಮುಗಿಸಿದವನೇ ಮತ್ತೆ ಪೈಪು ಹಿಡಿದ.

“ಈಗ ನೀವು ರವಿ.”

“ನಾನು ಓನರ್ ಮೇಡಂ. ಪಟ್ಟಿ ಗಿಟ್ಟಿ ಎಲ್ಲ ಅವನ ಡಿಪಾರ್ಟ್‌ಮೆಂಟು. ನಂಗೆ ಕಟ್ಟೋಕೇ ಬರಲ್ಲ.” ರವಿ ಪಟ್ಟಿಯನ್ನು ಅಡ್ಡಾದಿಡ್ಡಿ ಸುತ್ತಿ ಎಸೆದ. “ಸಾಕಾ?”

ಕಟ್ಟೋಕೇ ಬರಲ್ಲ?

ರಂಜಿನಿಯ ತಲೆಯಲ್ಲಿ ಏನೋ ಚುಳ್ಳೆಂದಿತು. ಬೆರಳು ಫೋನಿನ ಮೇಲೆ ಓಡಿತು. ರವಿಯ ರೀಲ್ಸ್‌ಗಳು. ಕೆಳಗೆ, ಇನ್ನೂ ಕೆಳಗೆ... ಸಿಕ್ಕಿತು!

“ಅಕ್ಕಾ, ಇದನ್ನ ನೋಡು!”

ಬಣ್ಣದ ಕನ್ನಡಕ ಹಾಕಿದ ರವಿ, ಕ್ಯಾಮೆರಾಗೆ ನಗುತ್ತಾ, ತನ್ನ ಬಿಳಿಯ ಹೆಣ್ಣುಕುದುರೆ ಬೆಳ್ಳಿಯ ಕಾಲಿಗೆ ಪಟ್ಟಿ ಸುತ್ತುತ್ತಿದ್ದ. ‘ನನ್ನ ಮಗೂಗೆ ನನ್ನ ಕೈಯಾರೆ’ ಎಂಬ ಸಾಲು ಬೇರೆ. ಸುತ್ತಿನ ಮೇಲೆ ಸುತ್ತು. ಒಂದೇ ಅಳತೆ. ಬಲಗಾಲಿಗೆ ಬಲಸುತ್ತು. ಎಡಗಾಲಿಗೂ ಬಲಸುತ್ತು.

ಕವನ ಆ ವಿಡಿಯೋವನ್ನೂ, ರಂಜಿನಿ ಆಗಲೇ ತೆಗೆದಿದ್ದ ವಿಡಿಯೋವನ್ನೂ ಎಲ್ಲರ ಮುಂದೆ ಹಿಡಿದಳು.

“ಎಲ್ಲರೂ ಬಿಗಿತ ನೋಡಿದ್ರಿ. ಮೆತ್ತೆ ಇಲ್ಲದ್ದು ನೋಡಿದ್ರಿ. ಸುತ್ತು ಯಾವ ಕಡೆಗಿದೆ ಅಂತ ಯಾರೂ ನೋಡಲಿಲ್ಲ. ಕುದುರೆ ಕಾಲಿನ ಹಿಂದೆ ದಪ್ಪ ನರ ಇದೆ. ಪಟ್ಟಿ ಮುಂದಿನಿಂದ ಹೊರಗೆ ಹೋಗಿ, ಹಿಂದಿನಿಂದ ಒಳಗೆ ಬರಬೇಕು. ಆಗ ನರ ಒಳಮಗ್ಗುಲಿಗೆ ಒರಗುತ್ತೆ. ಹಾಗಾಗಬೇಕಾದ್ರೆ ಬಲಗಾಲಿಗೆ ಬಲಸುತ್ತು, ಎಡಗಾಲಿಗೆ ಎಡಸುತ್ತು. ಸಿಡಿಲಿನ ಎರಡೂ ಕಾಲಿಗೆ ಬಲಸುತ್ತೇ ಇತ್ತು. ಎಡಗಾಲಿನ ನರ ಹೊರಕ್ಕೆ ಎಳೆದುಕೊಂಡಿತು. ಅದಕ್ಕೇ ಅದು ಜಾಸ್ತಿ ಊದಿದೆ.”

ಅವಳು ಒಬ್ಬೊಬ್ಬರನ್ನೇ ನೋಡಿದಳು.

“ಶಿವಣ್ಣನೋರು ಬಲಕ್ಕೇ ಸುತ್ತಿದ್ರು, ಪಟ್ಟಿ ನಿಲ್ಲಲಿಲ್ಲ. ಬೆಟ್ಟಸ್ವಾಮಣ್ಣ, ಮಾದೇಶ, ಇಬ್ಬರದೂ ನೀಟು. ಆದರೆ ಇಬ್ಬರೂ ಎಡಕ್ಕೆ ಎಡಸುತ್ತೇ ಹಾಕಿದ್ರು. ನೀಟಾಗಿ ಕಟ್ಟೋ ಕೈ, ಎಡಕ್ಕೆ ತಿರುಗದ ಕೈ— ಎರಡೂ ಸೇರಿರೋದು ಒಬ್ಬರಲ್ಲೇ. ಅವರು ‘ಕಟ್ಟೋಕೇ ಬರಲ್ಲ’ ಅಂತ ಈಗ ತಾನೇ ಸುಳ್ಳು ಹೇಳಿದ್ರು. ಅಲ್ವಾ ರವಿ?”

“ಏ, ಏನ್ರೀ ಇದು! ಬಲಕ್ಕೆ ಸುತ್ತಿದ್ದೇ ಅಪರಾಧಾನಾ? ಎಡಕ್ಕೆ ಯಾರಾದ್ರೂ ಸುತ್ತುತ್ತಾರಾ? ಅದು ಸಾವಿನ ಮನೇಲಿ ಮಾಡೋ...”

ರವಿ ನಾಲಗೆ ಕಚ್ಚಿಕೊಂಡ.

ಶಿವಣ್ಣ ತಿರುಗಿ ಅಳಿಯನನ್ನೇ ದಿಟ್ಟಿಸಿದ.

ಮಾದೇಶ ಮೆಲ್ಲಗೆ ಹೇಳಿದ: “ನೀವು ಕಟ್ಟಿದ್ ಎಡಗಾಲ್ನ ನಾನು ಪ್ರತಿಸಲ ಬಿಚ್ಚಿ ಕಟ್ತಿದ್ದೆ ಅಣ್ಣ. ಬೇಜಾರು ಮಾಡ್ಕೋತೀರ ಅಂತ ಹೇಳ್ತಿರಲಿಲ್ಲ.”

ಜಾತಿ ಮೀರಿದ ಯುವಕ! ಪೇಪರಿನಲ್ಲಿ ಮೀರಿದ್ದ, ರೀಲ್ಸಿನಲ್ಲಿ ಮೀರಿದ್ದ. ಕೈ ಮಾತ್ರ ಮೀರಿರಲಿಲ್ಲ. ಊರಿನ ಸಾವುಗಳ ಎಡಸುತ್ತನ್ನೆಲ್ಲ ತಲೆತಲಾಂತರ ಕೇರಿಯವರ ಹೆಗಲಿಗೆ ಹೊರಿಸಿ, ತಮಗೆ ಬಲಸುತ್ತನ್ನಷ್ಟೇ ಇಟ್ಟುಕೊಂಡ ಕೈ ಅದು. ಒಂದು ಪ್ರಾಣಿಯ ಕಾಲು ಕೆಡಿಸುವಾಗಲೂ ಮಡಿ ಬಿಡಲಿಲ್ಲ.

“ಸುಳ್ಳು! ಎಲ್ಲ ಸುಳ್ಳು! ಕುದುರೆ ಕೊಟ್ಟವನೇ ನಾನು, ನಾನ್ಯಾಕೆ...”

“ಲೇ ರವಿ!” ಗುಡುಗಿದವನು ಶಿವಣ್ಣ. “ನೆನ್ನೆ ಮೂಟೆ ಇಳಿಸುವಾಗ ನನ್ನ ಕಿವೀಲಿ ಏನ್ಲಾ ಅಂದೆ? ‘ಮಾವ, ತಲೆ ಕೆಡಿಸ್ಕೋಬ್ಯಾಡಿ, ಕುದುರೆ ಬೀದಿಗೆ ಬರಕ್ಕಿಲ್ಲ, ನನ್ನ ಹೆಸರೂ ಕೆಡಕ್ಕಿಲ್ಲ’ ಅನ್ಲಿಲ್ವಾ? ಏನೋ ನೆಪ ಹೇಳ್ತಾನೆ ಅಂದ್ಕೊಂಡೆ. ಹಿಂಗಾ ಮಾಡೋದು? ಊರೆಲ್ಲ ನನ್ನ ಮೇಲೆ ಅನುಮಾನ ಪಡ್ಲಿ ಅಂತಾನಾ? ಗಂಡಸಾಗಿದ್ರೆ ಬ್ಯಾಡ ಅನ್ನೋದ್ನ ಬಾಯಲ್ಲಿ ಅನ್ಬೇಕಾಗಿತ್ತು ಕಣ್ಲಾ!”

ರವಿ ಬೆಳ್ಳಗಾದ. ಮಾವನ ಮುಖ ನೋಡಿದ, ಫೋನನ್ನು ನೋಡಿದ. ಕೊನೆಗೆ ರಂಜಿನಿಯ ಹತ್ತಿರ ಬಂದು ದನಿ ತಗ್ಗಿಸಿದ.

“ರಂಜಿನಿ, ಆಗಿದ್ದು ಆಗೋಯ್ತು. ಬೆಳ್ಳೀನ ತಗೊಂಡೋಗು. ಮೆರವಣಿಗೆ ನಿಲ್ಲೋದು ಬೇಡ. ಈ ವಿಷಯ ಮಾತ್ರ ಇಲ್ಲಿಗೇ ಬಿಟ್ಬಿಡಿ.”

ರಂಜಿನಿ ಅವನ ಕಣ್ಣಲ್ಲಿ ಕಣ್ಣಿಟ್ಟಳು. ಅಳು ಬರುತ್ತದೇನೋ ಅಂದುಕೊಂಡಳು. ಬಂದದ್ದು ನಗು.

“ಕುದುರೇನ ತಗೊಂಡು ಹೋಗ್ತೀವಿ ರವಿಯವರೇ. ಕೊಡ್ತೀನಿ ಅಂತ ಊರಿಗೆಲ್ಲ ಮಾತು ಕೊಟ್ಟಿದ್ದೀರಲ್ಲ. ವಿಷಯಾನೂ ತಗೊಂಡೇ ಹೋಗ್ತೀವಿ.”

ರಸ್ತೆಯ ಕಡೆಯಿಂದ ಪೊಲೀಸ್ ಜೀಪು ತಿರುಗಿತು. “ಒಳ್ಳೇದಾಯ್ತು,” ಅಂದಳು ಕವನ, “ಕರೆಸಿದವರೂ ಇಲ್ಲೇ ಇದ್ದಾರೆ.” ಎರಡೂ ವಿಡಿಯೋಗಳನ್ನು ತನ್ನ ಫೋನಿಗೆ ಕಳಿಸಿಕೊಂಡು ಬಾಗಿಲಿಗೆ ನಡೆದಳು.

“ಅಣ್ಣ, ನೀನೇ ಬಾರೋ. ಬೆಳ್ಳಿಗೆ ಪಟ್ಟಿ ಕಟ್ಟು.”

“ನಾನು ಸಿಡಿಲನ್ನ ಬಿಟ್ಟು ಬರಕ್ಕಿಲ್ಲ ರಂಜೂ,” ಮಾದೇಶ ಪೈಪು ಕೆಳಗಿಡಲಿಲ್ಲ. “ನೀನೇ ಕಟ್ಕೋ. ಬಿಗೀಬ್ಯಾಡ. ಒಂದು ಬೆರಳು ತೂರಬೇಕು.”

ರಂಜಿನಿ ಬೆಳ್ಳಿಯ ಕಾಲ ಬಳಿ ಕೂತು ನೀಲಿ ಪಟ್ಟಿ ಸುತ್ತಿದಳು. ಬಲಗಾಲಿಗೆ ಬಲಕ್ಕೆ. ಎಡಗಾಲಿಗೆ ಎಡಕ್ಕೆ. ಕವನ ಬಂದು ನಾಲ್ಕೂ ಕಾಲು ತಡವಿ, ನಡೆಸಿ ನೋಡಿ, ಹೂಂ ಅಂದಳು.

ತಮಟೆ ಎದ್ದಿತು. ದೊಡ್ಡಬೀದಿಯ ತಿರುವಿನಲ್ಲಿ ಜನ ಉಕ್ಕಿ ನಿಂತರು. ಜಗುಲಿಗಳ ಮೇಲೆ ಕೆಲವರು ಮುಖ ತಿರುಗಿಸಿದರು, ಕೆಲವು ಹೆಂಗಸರು ಕಿಟಕಿಗೆ ಬಂದರು. ಬೆಳ್ಳಿ ಒಮ್ಮೆ ಕಿವಿ ನಿಮಿರಿಸಿ ಹಿಂಜರಿಯಿತು. ಕೂಡಲೇ ಬೆಟ್ಟಸ್ವಾಮಿ ಗುಂಪಿನಿಂದ ನುಗ್ಗಿಬಂದು ಲಗಾಮಿಗೆ ಕೈಹಾಕಿದ.

“ನಾನು ಹಿಡ್ಕೊಂಡು ನಡೆಸ್ತೀನಿ ತಾಯಿ. ನೀನು ಸುಮ್ಕೆ ಕೂತ್ಕೋ.”

ರಂಜಿನಿ ಬಾಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಬಿಡಿ ಬೆಟ್ಟಸ್ವಾಮಣ್ಣ. ನಂಗೆ ಬತ್ತದೆ.”

ಬೆಟ್ಟಸ್ವಾಮಿ ಪಕ್ಕಕ್ಕೆ ಸರಿದ. ಅವಳು ಹಿಮ್ಮಡಿ ತಾಗಿಸಿದಳು. ದೊಡ್ಡಬೀದಿಯ ಕಾಂಕ್ರೀಟಿನ ಮೇಲೆ ಗೊರಸಿನ ಮೊದಲ ಪೆಟ್ಟು ಬಿತ್ತು.